ಹಡಗಿಗೆ ಬಿಡದ ಹಾಲು-ತುಪ್ಪ

ಮೊನ್ನೆ ನಮ್ಮ ಶಾಲೆಯ ಗೇಟಿಗೆ ಕೆಂಪು ಪ್ರೈಮರ್ ಬಳಿಯುತ್ತಿದ್ದರು. ಪಾವಗಡದ ಬಿಸಿಲಿಗೆ ಆ ವಾಸನೆ ತರಗತಿಯೊಳಗೂ ನುಗ್ಗಿ, ಪಾಠ ಮಾಡುತ್ತಿದ್ದ ನನಗೆ ಮುಂದಿನ ಮಾತೇ ಮರೆತುಹೋಯಿತು. ನಮ್ಮೂರು ತಾವರೆಕೆರೆಯಲ್ಲಿ ಪಕ್ಕದ ಮನೆಯ ದೊಡ್ಡಪ್ಪನ ಅಂಗಿಯಲ್ಲಿ ಸದಾ ಇದೇ ವಾಸನೆ...

ರಕ್ತಸಂಬಂಧವೇನೂ ಇರಲಿಲ್ಲ, ಬಾಯಿತುಂಬ ದೊಡ್ಡಪ್ಪ ಅಂತಿದ್ದೆವು ಅಷ್ಟೆ. ಊರಲ್ಲಿ ಯಾರ ಮನೆಯ ಕಿಟಕಿ ಸರಳಿಗೆ, ನೇಗಿಲಿಗೆ ತುಕ್ಕು ಕಂಡರೂ ಅವರಿಗೆ ಕೈ ಕಡಿಯುತ್ತಿತ್ತು. ಸಣ್ಣ ಸುತ್ತಿಗೆ ತಂದು ಟಕಟಕ ಕುಟ್ಟಿ, ತುಕ್ಕು ಉದುರಿಸಿ, ಬಣ್ಣ ಬಳಿದೇ ಎದ್ದುಹೋಗುತ್ತಿದ್ದರು. ಕೂಲಿ ಕೇಳುತ್ತಿರಲಿಲ್ಲ. ಬೇಡ ಅಂದರೂ ಕೇಳುತ್ತಿರಲಿಲ್ಲ.

ಹಡಗಿನಲ್ಲಿ ಕಲಿತ ಕೆಲಸ ಅದು. ಹರೆಯದಲ್ಲಿ ಕಡಲೆಕಾಯಿ ಲಾರಿಯ ಜೊತೆ ಮಂಗಳೂರಿಗೆ ಹೋದವರು, ಬಂದರಿನಲ್ಲಿ ಮೂಟೆ ಹೊರುತ್ತಾ ಹೊರುತ್ತಾ ಒಂದು ಸರಕು ಹಡಗನ್ನೇ ಹತ್ತಿಬಿಟ್ಟರಂತೆ. ಗೋಧಿ, ಗೊಬ್ಬರ, ಮರದ ದಿಮ್ಮಿ ಸಾಗಿಸುವ ಹಡಗು. ಕೆಲವು ವರ್ಷಗಳ ಮೇಲೆ ಅದನ್ನು ನೌಕಾಪಡೆಯವರು ತೆಗೆದುಕೊಂಡರು. ಗೋಧಿ ತುಂಬುತ್ತಿದ್ದ ಜಾಗದಲ್ಲಿ ಸೈನಿಕರಿಗೆ ಮಲಗುವ ಮಂಚಗಳು ಬಂದವು, ಮುಂದುಗಡೆ ಫಿರಂಗಿ ಕೂತಿತು, ಹಳೆಯ ಹೆಸರು ಅಳಿಸಿ ಹೊಸ ಹೆಸರು ಬರೆದರು. ಮೈಗೆಲ್ಲ ಬೂದು ಬಣ್ಣ ಬಳಿದವರಲ್ಲಿ ದೊಡ್ಡಪ್ಪನೂ ಒಬ್ಬರು. ಬಣ್ಣ ಒಣಗುವ ಹೊತ್ತಿಗೆ ಹಳೆಯ ಆಳುಗಳನ್ನೆಲ್ಲ ಇಳಿಸಿ ಮನೆಗೆ ಕಳಿಸಿದರು. “ಮದ್ವೆಗೆ ಸಿಂಗಾರ ಮಾಡಿ ಕಳಿಸ್ದಂಗಾತು ಕಣ್ಲಾ,” ಅನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ಸಮುದ್ರದ ಮಾತಾಡಿದರೆ ಯಾರು ನಂಬುತ್ತಾರೆ? ಸಿರಾ ಸಂತೆಗೆ ಹೋದರೆ, “ಏನ್ ಸಾಹೇಬ್ರೆ, ಹಡ್ಗು ಎಲ್ಲಿ ನಿಲ್ಸಿ ಬಂದ್ರಿ?” ಅಂತ ಕಾಲೆಳೆಯುತ್ತಿದ್ದರು. ಇವರೂ ನಗುತ್ತಿದ್ದರು. ಅದು ಎಲ್ಲೋ ತೇಲುತ್ತಿದೆ, ಒಂದು ದಿನ ಹೋಗಿ ನೋಡಬಹುದು ಅನ್ನುವ ಧೈರ್ಯ ಅವರಿಗಿತ್ತು.

ಮೊಮ್ಮಗಳಿಗೆ ತೋವಿನಕೆರೆಯ ಗಂಡು ಗೊತ್ತಾಯಿತು. ಹುಡುಗ ನೌಕಾಪಡೆಯವನು. ದೊಡ್ಡಪ್ಪನ ಕಾಲು ನೆಲದ ಮೇಲಿರಲಿಲ್ಲ. ವೀಳ್ಯಶಾಸ್ತ್ರದ ದಿನ ಊಟಕ್ಕೆ ಹುಡುಗನ ಪಕ್ಕದಲ್ಲೇ ಕೂತು, ಹಡಗಿನ ಹೊಸ ಹೆಸರು ಹೇಳಿ, “ಈಗ ಎಲ್ಲೈತಪ್ಪ ಅದು?” ಅಂತ ಕೇಳಿದರು. ನಾನು ಎದುರು ಪಂಕ್ತಿಯಲ್ಲಿದ್ದೆ.

“ಅದಾ? ಅದನ್ನ ನಾವೇ ಮುಳುಗ್ಸಿದ್ವಲ್ಲ ತಾತ!” ಅಂದ ಹುಡುಗ, ಖುಷಿಯಿಂದ. “ಹಳೇದಾಗಿತ್ತು. ಸಮುದ್ರದ ಮಧ್ಯಕ್ಕೆ ಎಳ್ಕೊಂಡೋಗಿ, ಗುರಿ ಇಟ್ಟು ಹೊಡೆಯೋ ಅಭ್ಯಾಸಕ್ಕೆ ಬುಟ್ರು. ನಮ್ ಹಡಗಿಂದ್ಲೇ ಹೊಡ್ದಿದ್ದು. ಬೇಗ ಮುಳುಗ್ಲಿಲ್ಲ ಕಣ್ ತಾತ, ಗಟ್ಟಿ ಮುಂಡೇದು.”

ದೊಡ್ಡಪ್ಪ ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು, “ಬೇಗ ಮುಳುಗ್ಲಿಲ್ವಾ...” ಅಂದರು. ಹುಡುಗನದೇನು ತಪ್ಪು? ಅವನು ಮಾವನ ಮನೆಯ ಹಿರಿಯರಿಗೆ ತನ್ನ ಕೆಲಸದ ಸುದ್ದಿ ಹೇಳಿದ್ದ.

ಬೀಗರು ಹೋದ ಮೇಲೆ ದೊಡ್ಡಪ್ಪ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡರು. “ಹಾಲು-ತುಪ್ಪ ಬುಡ್ಬೇಕು ಕಣ್ಲಾ. ನಂಗೆ ಅನ್ನ ಹಾಕಿದ್ದು ಅದು. ಸತ್ತು ಎಷ್ಟು ವರ್ಸ ಆಯ್ತೋ, ಯಾರೂ ಬುಟ್ಟಿಲ್ಲ. ಮಂಗ್ಳೂರು ದಡಕ್ಕಾದ್ರೂ ಕರ್ಕೊಂಡೋಗು.” ನಮ್ಮಲ್ಲಿ ಸತ್ತವರನ್ನು ಹೂತ ಮೂರನೇ ದಿನ ಗುಡ್ಡೆಯ ಮೇಲೆ ಹಾಲು-ತುಪ್ಪ ಬಿಡದಿದ್ದರೆ ಜೀವಕ್ಕೆ ನೀರಡಿಕೆ ತಪ್ಪುವುದಿಲ್ಲ ಅನ್ನುತ್ತಾರೆ. ನಗು ಬರಬೇಕಿತ್ತು, ಬರಲಿಲ್ಲ.

ಒಳಗಿಂದ ದೊಡ್ಡಮ್ಮ ಸೌಟು ಹಿಡಿದೇ ಬಂದರು. “ಚಪ್ಪರ ಹಾಕೋ ಮನೇಲಿ ಸಾವಿನ ಮಾತೇನ್ರೀ? ಕಬ್ಬಿಣಕ್ಕೆ ಹಾಲು-ತುಪ್ಪ ಅಂತೆ! ಆ ಹುಡುಗ ಹೊಡ್ದಿದ್ದಕ್ಕೆ ನೀವು ಕರ್ಮ ಮಾಡ್ತೀರಿ ಅಂತ ಬೀಗ್ರಿಗೆ ಗೊತ್ತಾದ್ರೆ ಮದ್ವೆ ಉಳೀತೈತಾ?” ಅಂದು, ಮೊಮ್ಮಗಳ ತಲೆ ಮುಟ್ಟಿಸಿ ದೊಡ್ಡಪ್ಪನಿಂದ ಆಣೆ ಹಾಕಿಸಿದರು. ಮನೆಯಲ್ಲಿ ಶುಭಕಾರ್ಯ ನಡೆಯುವಷ್ಟು ದಿನ ಆ ಮಾತು ಎತ್ತಕೂಡದು, ಹುಡುಗನ ಕಿವಿಗಂತೂ ಎಂದೂ ಬೀಳಕೂಡದು.

ದೊಡ್ಡಪ್ಪ ಆಣೆ ಉಳಿಸಿಕೊಂಡರು. ಧಾರೆಯ ಹೊತ್ತಿಗೆ ಎಲ್ಲರ ಜೊತೆ ಅಕ್ಷತೆ ಹಾಕಿದರು, ಆ ಹುಡುಗನ ತಲೆಯ ಮೇಲೂ ಹಾಕಿದರು. ಆಮೇಲೆ ಮೊಮ್ಮಗಳು ಬಸುರಿ, ಬಾಣಂತಿ, ಮಗುವಿಗೆ ನಾಮಕರಣ, ಇನ್ನೊಬ್ಬಳಿಗೆ ಗಂಡು ನೋಡುವುದು... ಆ ಮನೆಯ ಒಳ್ಳೆಯ ದಿನಗಳಿಗೆ ಕೊನೆಯೇ ಇರಲಿಲ್ಲ. ಅವರು ಮಾತ್ರ ಇಳಿದುಹೋದರು. ಕೊನೆಕೊನೆಗೆ ಅವರ ಕಿಟಕಿಯ ಸರಳುಗಳಿಗೇ ತುಕ್ಕು ಹತ್ತಿತ್ತು. ಬೇಸಿಗೆಯ ಒಂದು ಬೆಳಿಗ್ಗೆ ಜಗಲಿಯ ಮೇಲೇ ತೀರಿಕೊಂಡರು. ಅವರ ಹಾಲು-ತುಪ್ಪಕ್ಕೆ ಊರೆಲ್ಲ ಬಂದಿತ್ತು. ಇಷ್ಟದ ತಿಂಡಿ ಅಂತ ದೊಡ್ಡಮ್ಮ ಕಜ್ಜಾಯ ಇಟ್ಟರು. ಅವರಿಗೆ ಬೇಕಾಗಿದ್ದು ಏನು ಅಂತ ಗೊತ್ತಿದ್ದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈಗ ದೊಡ್ಡಮ್ಮನೂ ಇಲ್ಲ. ಆ ಹುಡುಗ ಸೇವೆ ಮುಗಿಸಿ ಬಂದು, ಇಲ್ಲೇ ರಾಯಚರ್ಲು ಕಡೆ ಸೋಲಾರ್ ಫಲಕಗಳಿಗೆ ಕಾವಲಿದ್ದಾನೆ. ಗೇಟಿಗೆ ಬಣ್ಣ ಬಳಿದ ಸಂಜೆ ಟೀ ಅಂಗಡಿಯಲ್ಲಿ ಸಿಕ್ಕ. ಮನಸ್ಸು ತಡೆಯಲಿಲ್ಲ, ಎಲ್ಲ ಹೇಳಿದೆ. ಇನ್ನು ಯಾರ ಮದುವೆ ಮುರಿಯಬೇಕಿದೆ?

ಅವನು ಟೀ ಲೋಟ ಕೆಳಗಿಟ್ಟ. ಆಮೇಲೆ, “ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?” ಅಂದ. “ಮದ್ವೆ ಆದ್ಮೇಲೂ ಆ ಜಾಗದ ಮೇಲೇ ಎಷ್ಟೋ ಸಲ ಹೋಗಿದೀವಿ. ಅಡುಗೆಮನೇಲಿ ಹಾಲಿತ್ತು, ತುಪ್ಪಾನೂ ಇತ್ತು. ನಾನೇ ಬುಡ್ತಿದ್ದೆ.”

ಅವನು ಟಾರ್ಚು ತೆಗೆದುಕೊಂಡು ಕಾವಲಿಗೆ ಹೋದ.