ಎಬ್ಬಿಸಿ ಕೇಳುವ ನಾಗಪತಿ ಭಾವ

ನನ್ನ ಅಕ್ಕ ಪರಿಮಳಾ ಸೇರಿದ ಮನೆಯಲ್ಲಿ ಒಂದು ವಿಚಿತ್ರ ರೋಗವಿದೆ. ಉಂಡು, ಎಲೆಅಡಿಕೆಯ ಕವಳ ಹಾಕಿ, ಚಾಪೆಗೆ ಬಿದ್ದವರ ಕಿವಿಯ ಹತ್ತಿರ ಬಂದು, "ನಿದ್ದೆ ಬಂತ? ಚಾಕ್ಕೆ ಎಬ್ಬಸವ?" ಎಂದು ಕೇಳುವುದು. ಉಪಚಾರವಂತೆ ಅದು! ಕೇಳಿಸಿಕೊಂಡವರಿಗೆ ಆಮೇಲೆ ಎಲ್ಲಿಯ ನಿದ್ದೆ? ಭಾವ ನಾಗಪತಿಯಂತೂ ಈ ಕಲೆಯಲ್ಲಿ ಪಳಗಿದ ಕೈ.

ಭಾವನಿಗೆ ಶಿರಸಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ, ಇಸಳೂರಿನಲ್ಲಿ ಹೊಸ ಮನೆ. ಎರಡು ಸಾವಿರದ ಆರರಲ್ಲಿ ಹಳೇ ಕಂಪ್ಯೂಟರ್ ತಂದು, ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡ. ಹಾಕು ಅಂತ ಯಾರೂ ಅಂದಿರಲಿಲ್ಲ. ತೀರಿಹೋದ ತನ್ನ ಅಪ್ಪನ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಅದರ ಎರಡನೇ ಹಾರ್ಡ್ ಡಿಸ್ಕಿಗೆ ಇಳಿಸಿದ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹೋದ ಮೇಲೆ ಅಪ್ಪನ ದನಿ ಉಳಿದದ್ದು ಅಲ್ಲಿ ಮಾತ್ರ. ಆ ಡಿಸ್ಕ್ ಅಂತೂ ಇಡೀ ದಿನ ಗ್ರೈಂಡರ್ ತಿರುಗಿದ ಹಾಗೆ ಗುರುಗುಡುತ್ತಿತ್ತು. ಕಂಪ್ಯೂಟರ್ ಆರಿಸೋಣವೆಂದರೆ, ಮತ್ತೆ ಶುರುವಾಗಲು ದಿನವಿಡೀ ಸತಾಯಿಸುತ್ತಿತ್ತು. ಇಟ್ಟದ್ದು ಮಲಗುವ ಕೋಣೆಯಲ್ಲೇ, ಕರ್ಮ.

ನಸುಕಿಗೇ ಏಳುವ ಅಕ್ಕನಿಗೆ ಮಧ್ಯಾಹ್ನದ ನಿದ್ದೆಯೊಂದೇ ಸುಖ. ನಾನು ಊಟಕ್ಕೆ ಹೋಗಿದ್ದ ಒಂದು ಭಾನುವಾರ, ಸಾರು ಬಡಿಸುತ್ತಲೇ ತೀರ್ಪು ಕೊಟ್ಟಳು: "ಇವತ್ತು ಅದು ಸುಮ್ನಾಗವು. ಇಲ್ಲೆ ಅಂದ್ರೆ ನಾಳೆ ಗುಜರಿಗೆ ಹೋಗವು."

ಭಾವ ಅರ್ಧ ಊಟಕ್ಕೇ ಎದ್ದ. ಕೈ ತೊಳೆದವನೇ ಕಂಪ್ಯೂಟರ್ ಮುಂದೆ ಕೂತು ಎಚ್‌ಡಿಪಾರ್ಮ್ ಎಂಬ ಆಜ್ಞೆ ಕೊಟ್ಟ. ಐದು ನಿಮಿಷ ಯಾರೂ ಮಾತಾಡಿಸದಿದ್ದರೆ ಮಲಗಿಬಿಡು ಎಂದು ಡಿಸ್ಕಿಗೆ ಹೇಳುವ ಆಜ್ಞೆ ಅದು. ಸ್ವಲ್ಪ ಹೊತ್ತಿಗೆ ಗುರುಗುರು ನಿಂತಿತು. ಅಕ್ಕ ಕಣ್ಣು ಮುಚ್ಚಿದಳು. ಜಗಲಿಯಲ್ಲಿ ನಾನೂ ಮುಚ್ಚಿದೆ.

ಗುರ್ರ್‌ರ್!

ಡಿಸ್ಕ್ ನಿಜಕ್ಕೂ ಮಲಗಿತೋ ಎಂದು ನೋಡಲು ಮಹಾರಾಯ ಅದರೊಳಗಿನ ತಾಳಮದ್ದಳೆ ಫೋಲ್ಡರ್ ತೆರೆದಿದ್ದ! ತೆರೆದರೆ ಅದು ಏಳದೆ ಇನ್ನೇನು ಮಾಡೀತು? ಮತ್ತೆ ಮೌನ, ಮತ್ತೆ ಫೋಲ್ಡರ್, ಮತ್ತೆ ಗುರ್ರ್. ಇದು ಮಲಗುತ್ತಲೇ ಇಲ್ಲ, ಹಾಳಾಯಿತು ಎಂದು ಭಾವ ಅಳುವ ಹಾಗಾದ. ನನಗೆ ಸಿಟ್ಟೂ ಬಂತು, ಪಾಪವೂ ಅನಿಸಿತು.

ಅಕ್ಕ ಎದ್ದು ಬಂದಳು. ಗುಜರಿಯವನಿಗೆ ಫೋನ್ ಮಾಡುತ್ತಾಳೆ ಅಂದುಕೊಂಡೆ. ಅವಳು ಆ ಆಜ್ಞೆಯ ಕೈಪಿಡಿ ತೆರೆಸಿ, ತೆರೆಯ ಮೇಲೆ ಬೆರಳಿಟ್ಟು ಓದಿದಳು. ಆಜ್ಞೆಯ ಮುಂದೆ ದೊಡ್ಡಕ್ಷರದ ಸಿ ಹಾಕಿ ಕೇಳಿದರೆ, ಡಿಸ್ಕನ್ನು ಎಬ್ಬಿಸದೆಯೇ ಅದು ಮಲಗಿದೆಯೋ ಇಲ್ಲವೋ ತಿಳಿಯುತ್ತದಂತೆ. ಡಿಸ್ಕ್ ಸುಮ್ಮನಾದ ಮೇಲೆ ಕೇಳಿ ನೋಡಿದರು. 'ಸ್ಟ್ಯಾಂಡ್‌ಬೈ' ಎಂದು ಬಂತು. ಮಲಗಿದೆ, ಕರೆದರೆ ಏಳುತ್ತದೆ ಎಂದರ್ಥ. ಒಂಚೂರೂ ಗುರುಗುಟ್ಟಲಿಲ್ಲ. ಅಪ್ಪ ಗುಜರಿಯಿಂದ ಪಾರಾದ ಖುಷಿಗೆ ಭಾವನ ಕಣ್ಣು ಒದ್ದೆಯಾಯಿತು.

"ಡಿಸ್ಕಿಗೆ ಎಂತೂ ಆಜಿಲ್ಲೆ. ಅದನ್ನ ಎಬ್ಬಸ್ತಾ ಇಪ್ಪದು ನಿಂಗ," ಎಂದು ಹೇಳಿ ಅಕ್ಕ ಹೋಗಿ ಮಗ್ಗುಲಾದಳು.

ಎಬ್ಬಿಸುತ್ತಿರುವುದು ತಾನೇ ಎಂಬ ಮಾತು ಭಾವನಿಗೆ ನಾಟಿತು. ಇನ್ನು ಮೇಲೆ ಮಲಗಿದವರನ್ನು ಕೇಳುವುದಿಲ್ಲ ಎಂದು ಅಂದೇ ಶಪಥ ಮಾಡಿದ. ಚಾ ಕೂಡ ತಾನೇ ಕಾಸಿದ, ಸದ್ದಿಲ್ಲದೆ. ಕೋಣೆಯ ಬಾಗಿಲವರೆಗೆ ಹೋಗಿ, ಅಕ್ಕನ ಮುಖ ನೋಡಿ, ತುಟಿ ಕಚ್ಚಿಕೊಂಡು ಹಿಂದೆ ಬಂದ. ಶಪಥ ಶಪಥವೇ.

ಆಮೇಲೆ ಜಗಲಿಗೆ ಬಂದು, ಅವಳನ್ನು ಚಾಕ್ಕೆ ಎಬ್ಬಿಸಬೇಕೋ ಬೇಡವೋ ಎಂದು ಕೇಳಲು ನನ್ನನ್ನು ಎಬ್ಬಿಸಿದ.