ಬಲಗಾಲಿನ ಮೂಳೆಗಳು

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೈಲರ್‌ಗೆ ಮದುವೆ, ಮಕ್ಕಳ ಗೋಜಿರಲಿಲ್ಲ. ಇದ್ದದ್ದು ಒಂದೇ ಗೀಳು. ಜನ ತಿಂದು ತಟ್ಟೆಯಲ್ಲಿ ಬಿಟ್ಟ ಕೋಳಿ ಮೂಳೆಗಳಿಂದ ಡೈನೋಸಾರ್ ಅಸ್ಥಿಪಂಜರ ಕಟ್ಟುವುದು. ಮೂಳೆ ತಂದುಕೊಡುತ್ತಿದ್ದವನು ಭಾವ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಟೈಲರ್ ಅವನ್ನು ಸೋಪಿನ ನೀರಿನಲ್ಲಿ ಕುದಿಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಬಿಸಿಲಿಗೆ ಹರವುತ್ತಿದ್ದ. ಕೋಳಿಯ ಕತ್ತಿನ ಮೂಳೆಗಳನ್ನು ತಂತಿಗೆ ಪೋಣಿಸಿದರೆ ಅವನ ಪ್ರಾಣಿಗೆ ಬಾಲ ಬರುತ್ತಿತ್ತು.

ಈ ಸಲದ್ದು ಎರಡು ಕಾಲಿನ ಮೇಲೆ ನಿಲ್ಲುವ ಡೈನೋಸಾರ್. ತಲೆ, ಬಾಲ, ಪಕ್ಕೆಲುಬು ಎಲ್ಲ ಕೂತಾಗಿತ್ತು. ತಂತಿಗೆ ತೂತು ಕೊರೆಯುವಾಗ ಎಡ ತೊಡೆಯ ಮೂಳೆ ಸೀಳಿತು. ಬೇರೆ ಬೇಕೆಂದು ಭಾವನಿಗೆ ಹೇಳಿದ. ಭಾವ ತಂದ. ಆದರೆ ಅಂದಿನಿಂದ ಪೊಟ್ಟಣದಲ್ಲಿ ಬಂದ ತೊಡೆಮೂಳೆಗಳೆಲ್ಲ ಬಲಗಾಲಿನವೇ. ತೊಡೆಮೂಳೆಯ ತುದಿಯ ಗುಂಡು ಸೊಂಟದ ಕಡೆ ತಿರುಗಿರಬೇಕು. ಇವನ್ನು ಎಡಕ್ಕೆ ಹಾಕಿದರೆ ಗುಂಡು ಹೊರಗೆ ನೋಡುತ್ತಿತ್ತು, ಪ್ರಾಣಿ ಮಗ್ಗುಲಿಗೆ ವಾಲಿ ಮಲಗುತ್ತಿತ್ತು.

ಟೈಲರ್‌ನ ತಲೆಗೆ ಹುಳ ಹೊಕ್ಕಿತು. ಕ್ಯಾಂಟೀನಿಗೆ ಬರುವುದು ಇಡೀ ಕೋಳಿ. ಹಾಗಿದ್ದರೆ ಎಡಗಾಲುಗಳೆಲ್ಲ ಎಲ್ಲಿ ಹೋಗುತ್ತಿವೆ? ಯಾರೋ ಕೂತು ಆರಿಸಿ ತೆಗೆಯದೆ ಹೀಗಾಗುವುದಿಲ್ಲ. ಮುಂದಿನ ಕೋಣೆಯಲ್ಲಿ ಸೋಫಾ ಹಾಕಿದ್ದರೆ ಚೆನ್ನಾಗಿತ್ತು ಎಂದು ಭಾವ ಹಿಂದೊಮ್ಮೆ ಅಂದದ್ದು ನೆನಪಾಯಿತು. ಪ್ರಾಣಿ ನಿಲ್ಲದಿದ್ದರೆ ತನಗೆ ಬೇಸರ, ಬೇಸರವಾದರೆ ಕೋಣೆ ಖಾಲಿ. ಆಮೇಲೆ ಭಾವ ಪೊಟ್ಟಣ ಕೊಟ್ಟು ಸಾಕಾ ಎಂದು ಕೇಳಿದರೂ ಅದರಲ್ಲಿ ಕುಹಕವೇ ಕೇಳಿಸತೊಡಗಿತು.

ತನ್ನನ್ನು ಓಡಿಸಲು ಭಾವ ಆಟ ಕಟ್ಟಿದ್ದಾನೆ, ಬೇರೆ ಕೋಣೆ ನೋಡಿಕೊಳ್ಳುತ್ತೇನೆ ಎಂದು ಕೊನೆಗೆ ಅಕ್ಕನ ಹತ್ತಿರ ಹೇಳಿಯೇಬಿಟ್ಟ. ಅಕ್ಕ ಸೌಟು ಕೆಳಗಿಟ್ಟಳು.

"ಹೋಗೋದಾದ್ರೆ ಹೋಗು. ಅವರ ಮುಖ ನೋಡಿ ಕೇಳಿ ಹೋಗು. ನನ್ನ ಕಿವಿ ಕಚ್ಚಿ ಹೋಗ್ಬೇಡ."

ಸಂಜೆ ಭಾವ ತಂದ ಮೂಳೆಗಳನ್ನು ಟೈಲರ್ ಮೇಜಿನ ಮೇಲೆ ಸಾಲಾಗಿಟ್ಟ. ಎಲ್ಲವೂ ಒಂದೇ ಕಡೆ ತಿರುಗಿದ್ದವು.

"ಎಡಗಾಲಿನವನ್ನೆಲ್ಲ ಎಲ್ಲಿಟ್ಟಿದ್ದೀರಿ ಭಾವ?"

ಭಾವ ಕಣ್ಣು ಕಣ್ಣು ಬಿಟ್ಟ. ಅಂಗಿ ಜೇಬಿನಿಂದ ಕಾಗದ ಸುತ್ತಿದ ಒಂದು ಮೂಳೆ ತೆಗೆದ. ಇದೇ ಅಳತೆಯದ್ದು ಬೇಕೆಂದು ಅವತ್ತು ಟೈಲರೇ ಅವನ ಕೈಗೆ ಕೊಟ್ಟದ್ದು, ಗಿರಾಕಿಗಳು ಅಳತೆಗೆ ಹಳೆಯ ಅಂಗಿ ಕೊಡುವ ಹಾಗೆ. ಎಡಗಾಲಿನದು ಸೀಳಿದ್ದರಿಂದ ಕೊಟ್ಟದ್ದು ಬಲಗಾಲಿನದು.

"ಒಂದೊಂದನ್ನೂ ಇದರ ಪಕ್ಕ ಇಟ್ಟು ನೋಡಿ ತಂದಿದ್ದೀನಿ ಕಣೋ. ಸೊಟ್ಟ ಆ ಕಡೆಗಿದ್ದದ್ದನ್ನೆಲ್ಲ ಕಸಕ್ಕೆ ಹಾಕ್ದೆ. ಅಲ್ಲಿರೋರೆಲ್ಲ ನನ್ನ ನೋಡಿ ನಗ್ತಾರೆ."

ಭಾವ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ, ಮೇಜು ನೋಡಿದ.

"ನಿನ್ನ ಓಡಿಸ್ತೀನಿ ಅಂದ್ಕೊಂಡ್ಯಾ?"

ಆಮೇಲೆ ಎಷ್ಟೋ ದಿನ ಟೈಲರ್ ಇದ್ದಾಗ ಭಾವ ಆ ಕೋಣೆಗೆ ಬರಲಿಲ್ಲ. ಪೊಟ್ಟಣ ಮಾತ್ರ ತಪ್ಪದೆ ಮೇಜಿನ ಮೇಲಿರುತ್ತಿತ್ತು, ಎಡವೂ ಬಲವೂ ಬೆರೆತು. ಡೈನೋಸಾರ್ ಎದ್ದು ನಿಂತಿತು. ಭಾವ ಅದರತ್ತ ತಿರುಗಿಯೂ ನೋಡಲಿಲ್ಲ.

ಟೈಲರ್ ಅವನಿಗೊಂದು ಬಿಳಿ ಅಂಗಿ ಹೊಲಿದು ಅಕ್ಕನ ಕೈಯಲ್ಲಿ ಕಳಿಸಿದ. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿದ, ಜೇಬಿಗೆ ಬೆರಳು ಹಾಕಿ ತಡಕಿದ, ಕೊನೆಗೆ ತೋಳುಗಳನ್ನು ಅಕ್ಕಪಕ್ಕ ಇಟ್ಟು ಅನುಮಾನದಿಂದ ನೋಡಿದ.

"ಎರಡೂ ಬಲಗೈದೇ ಅಲ್ಲ ತಾನೆ?"

ಅಕ್ಕ ನಕ್ಕಳು. ಭಾವ ನಗಲಿಲ್ಲ. ಗುಂಡಿ ಹಾಕಿಕೊಂಡು, ಅದರಲ್ಲೇ ಕೆಲಸಕ್ಕೆ ಹೋದ.