ಕಂಪೈಲರಿಗೆ ಸೀತಾ ಕೊಟ್ಟ ಮಾತು

ರಾಜಾಜಿನಗರದಲ್ಲಿ ತೂಕದ ಯಂತ್ರ ತಯಾರಿಸುವ ಸಣ್ಣ ಕಂಪನಿಯೊಂದಿದೆ. ಅದರ ಯಂತ್ರಗಳಿಗೆಲ್ಲ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವಳು ಮೂಡಲಪಾಳ್ಯದ ಸೀತಾ. ಮದುವೆಗೆ ಮೊದಲೇ ಸೇರಿದವಳು, ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ.

ಬೆಲ್ಟಿನ ಮೇಲೆ ಓಡುವ ಪೊಟ್ಟಣಗಳನ್ನು ತೂಗುವ ಯಂತ್ರವೊಂದು ಒಮ್ಮೆ ತೀರಾ ನಿಧಾನವಾಯಿತು. ಪಕ್ಕಪಕ್ಕದ ತೂಕಗಳನ್ನು ಕೂಡಿಸುವ ಫಂಕ್ಷನ್ನಿನಲ್ಲಿ, ಅಂದರೆ ಪ್ರೋಗ್ರಾಮಿನ ಆ ತುಣುಕಿನಲ್ಲಿ, ಒಂದು ಪಾಯಿಂಟರ್ ಓದುವ ಜಾಗ ತೋರಿಸುತ್ತಿತ್ತು, ಇನ್ನೊಂದು ಬರೆಯುವ ಜಾಗ. ಎರಡೂ ಒಂದೇ ಆಗಿದ್ದರೆ ಗತಿಯೇನು ಎಂಬ ಅನುಮಾನದಿಂದ, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದೊಂದು ಅಂಕಿಗೂ ಮೆಮೊರಿಗೆ ಹೋಗಿ ನೋಡಿ ಬರುವಂತೆ ಮಾಡಿತ್ತು. ಸೀತಾ ‘ರಿಸ್ಟ್ರಿಕ್ಟ್’ ಎಂಬ ಪದ ಸೇರಿಸಿದಳು. ಇವೆರಡೂ ಎಂದಿಗೂ ಒಂದಾಗವು ಎಂದು ಕೊಡುವ ಮಾತು ಅದು. ಕಂಪೈಲರ್ ನಂಬಿತು. ಯಂತ್ರ ಅಂಕಿಗಳನ್ನು ಗುಂಪುಗುಂಪಾಗಿ ಎತ್ತಿಕೊಂಡು ಕೂಡಿಸತೊಡಗಿತು.

ಮರುವರ್ಷ ಹೊಸದಾಗಿ ಸೇರಿದ ಅನಿಕೇತ್‌ಗೆ ಏರುತ್ತ ಹೋಗುವ ಮೊತ್ತ, ಅಂದರೆ ಪ್ರತಿ ಪೊಟ್ಟಣಕ್ಕೂ ಅಲ್ಲಿಯವರೆಗಿನ ಒಟ್ಟು ತೂಕ, ಬೇಕಿತ್ತು. ಓದಿದ ಸಾಲಿನಲ್ಲೇ ಉತ್ತರ ಬರೆದರೆ ಮೊತ್ತ ತಾನಾಗಿ ಬೆಳೆಯುತ್ತದೆಂದು, ಅದೇ ಫಂಕ್ಷನ್ನಿಗೆ ಎರಡೂ ಕಡೆ ಒಂದೇ ಜಾಗ ಕೊಟ್ಟ. ಅವನ ಮೇಜಿನ ಕಂಪ್ಯೂಟರಿನಲ್ಲಿ ಸರಿಯಿದ್ದ ಲೆಕ್ಕ ಯಂತ್ರಕ್ಕೆ ಹೋದಾಗ ದಿಕ್ಕೆಟ್ಟಿತು. ಮಾಲೀಕ ಮಂಜುನಾಥ್ ಎಲ್ಲರೆದುರು ರೇಗಾಡಿದರು.

“ಸ್ಪೀಡಿಗೆ ಅಂತ ಹಾಕೋ ಆಪ್ಟಿಮೈಸೇಷನ್ ಆಫ್ ಮಾಡಿದ್ರೆ, ನನ್ ಕಂಪ್ಯೂಟರಲ್ಲಿ ಇದ್ದ ಹಾಗೆ, ಸರಿ ಬರುತ್ತೆ ಮೇಡಂ. ಕಂಪೈಲರೇ ಕೆಟ್ಟಿರ್ಬೇಕು,” ಎಂದ ಅನಿಕೇತ್, ಮುಖ ಸಣ್ಣದು ಮಾಡಿಕೊಂಡು.

ಸೀತಾ ಕೋಡ್ ನೋಡಿದಳು. “ಕೆಟ್ಟಿಲ್ಲಪ್ಪ. ನಾನು ಮಾತು ಕೊಟ್ಟಿದ್ದೆ, ನೀನು ಮುರಿದೆ. ಅದು ನನ್ ಮಾತು ನಂಬಿ, ಹೊಸ ಮೊತ್ತ ನೋಡದೆ ಹಳೇ ಅಂಕಿಗಳ್ನೇ ಎತ್ಕೊಂಡು ಕೂಡಿಸ್ತು.”

“ನೀವು ಮಾತು ಕೊಟ್ಟಿದ್ದು ನಂಗೆ ಹೇಗೆ ಗೊತ್ತಾಗ್ಬೇಕು ಮೇಡಂ?”

ಸಂಜೆ ಬಸ್ಸಿನಲ್ಲೂ ಆ ಪ್ರಶ್ನೆ ಸೀತಾಳ ಜೊತೆಗೇ ಬಂತು. ಕಾಲೇಜಿನಲ್ಲಿ ಕಲಿತ ಫೋರ್ಟ್ರಾನ್ ಎಂಬ ಹಳೆಯ ಭಾಷೆಯಲ್ಲಿ, ಎರಡೂ ಜಾಗ ಒಂದಾಗಬಾರದೆಂಬ ಕಟ್ಟಳೆ ಭಾಷೆಯ ನಿಯಮದಲ್ಲೇ ಇತ್ತು, ಕಲಿಯುವಾಗಲೇ ಎಲ್ಲರಿಗೂ ಹೇಳಿಕೊಡುತ್ತಿದ್ದರು. ಸಿಯಲ್ಲಿ ಹಾಗಲ್ಲ. ಮಾತು ಕೊಡುವವರು ಒಬ್ಬರು, ಉಳಿಸಿಕೊಳ್ಳಬೇಕಾದವರು ಇನ್ಯಾರೋ.

ಮರುದಿನ ಅವಳು ಏರುವ ಮೊತ್ತಕ್ಕೆಂದೇ ‘ರಿಸ್ಟ್ರಿಕ್ಟ್’ ಪದವಿಲ್ಲದ ಬೇರೆ ಫಂಕ್ಷನ್ ಬರೆದಳು. “ಸ್ವಲ್ಪ ಸ್ಲೋ ಆಗುತ್ತೆ ಸಾರ್, ಆದ್ರೆ ಲೆಕ್ಕ ತಪ್ಪಲ್ಲ. ಹುಡುಗನ್ನ ಬೈಬೇಡಿ,” ಎಂದಳು. ಮಂಜುನಾಥ್ ಗೊಣಗಿಕೊಂಡೇ ಒಪ್ಪಿದರು.

ಕೆಲವು ತಿಂಗಳಾದ ಮೇಲೆ ಅನಿಕೇತ್ ಅದೇ ಲೆಕ್ಕವನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಬರೆದು ನೋಡುತ್ತಿದ್ದ. ಇದ್ದಕ್ಕಿದ್ದಂತೆ ಕೂಗಿದ.

“ಮೇಡಂ, ಬನ್ನಿ ಇಲ್ಲಿ! ಎರಡೂ ಕಡೆ ಒಂದೇ ಜಾಗ ಕೊಟ್ರೆ ಕಂಪೈಲೇ ಆಗ್ತಿಲ್ಲ, ಇದರ ಕಂಪೈಲರ್ ಮೊದಲೇ ಬೈತಾ ಇದೆ!”

ಸೀತಾ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.

“ಎಲ್ಲಿ, ಇನ್ನೊಂದ್ಸಲ ಬೈಸು ನೋಡೋಣ.”